ಮಂದ ಬೆಳಕಿಗೆ ಮಂದ ಫಿಲ್ಮು

ಮಂದವಾದ ಬೆಳಕಿನಲ್ಲಿ ಚಿತ್ರ ತೆಗೆಯಬೇಕಾದರೆ ವೇಗದ ಫಿಲ್ಮೇ ಬೇಕೆಂಬ ನಂಬಿಕೆ ಛಾಯಾಗ್ರಹಣದ ಹವ್ಯಾಸಿಗಳಲ್ಲಿ ಬಲವಾಗಿ ಬೇರೂರಿದೆ. ಕೆಲವು ವರ್ಷಗಳಿಂದ ಮಂಗಳೂರಿನ ಕಾಲೇಜು ವಿದ್ಯಾರ್ಥಿಗಳಲ್ಲಿ ಕೆಲವರು ಅಜ್ಜಂದಿರ ಕಾಲದ ಕ್ಯಾಮರಾಗಳನ್ನು ಕಪಾಟಿನಿಂದ ಹೊರತೆಗೆದು, ಮಳೆಗಾಲದ ಕಾಡಿನ ವರ್ಣಚಿತ್ರಗಳನ್ನು ತೆಗೆಯಲು ಹೊರಡುತ್ತಿದ್ದಾರೆ. ಅವರು ಬಂದು ಕೇಳುವ ಮೊದಲ ಪ್ರಶ್ನೆ, “ಸಾರ್, ಯಾವ ಫಿಲ್ಮು ಕೊಳ್ಳಲಿ?” ಎಂಬುದು. ನಿಧಾನವಾದುದನ್ನು ಕೊಳ್ಳಿ ಎಂದರೆ ಅವರಿಗೆ ಅಚ್ಚರಿಯಾಗುತ್ತದೆ. ಈ ಸಲಹೆಗೆ ಆಧಾರವೇನು, ಅದರ ಮಿತಿ ಎಲ್ಲಿ ಎಂಬುದನ್ನು ಇಲ್ಲಿ ವಿವೇಚಿಸೋಣ.

ಫಿಲ್ಮಿನ ಲೇಪದಲ್ಲಿ ಬೆಳ್ಳಿಯ ಲವಣದ ಸೂಕ್ಷ್ಮ ಹರಳುಗಳಿರುತ್ತವೆ. ಹರಳು ದೊಡ್ಡದಾದಷ್ಟೂ ಅದು ಹೆಚ್ಚು ಬೆಳಕನ್ನು ಹಿಡಿಯುತ್ತದೆ. ಫಿಲ್ಮಿನ ವೇಗವೂ ಹೆಚ್ಚುತ್ತದೆ. ವರ್ಣ ಫಿಲ್ಮಿನಲ್ಲಿ ಬೆಳ್ಳಿ ಕೊನೆಗೆ ತೊಳೆದುಹೋಗಿ, ಅದು ಇದ್ದ ಎಡೆಯಲ್ಲಿ ಬಣ್ಣದ ಸಣ್ಣ ಮಚ್ಚೆಗಳು ಉಳಿಯುತ್ತವೆ. ಹರಳು ದೊಡ್ಡದಾದರೆ ಮಚ್ಚೆಯೂ ದೊಡ್ಡದು, ಚಿತ್ರವೂ ಒರಟು. ಹಾವಸೆಯ ಎಳೆಗಳು, ಜರಿಗಿಡದ ಎಲೆಯಂಚು, ಒದ್ದೆ ಕಲ್ಲಿನ ಮೈ ಇವೆಲ್ಲ ಆ ಒರಟುತನದಲ್ಲಿ ಮರೆಯಾಗುತ್ತವೆ. ವೇಗವನ್ನು ನಾವು ನವಿರಿನ ಬೆಲೆ ತೆತ್ತು ಕೊಳ್ಳುತ್ತೇವೆ.

ಈ ಬೆಲೆಯನ್ನು ತೆರಬೇಕೆ? ಒಂದು ಲೆಕ್ಕವನ್ನು ನೋಡಿರಿ. ಚಾರ್ಮಾಡಿ ಘಾಟಿಯ ಒಂದು ತೊರೆಯ ಬಳಿ, ಮೋಡ ಕವಿದ ಮಧ್ಯಾಹ್ನ, ಮರಗಳ ಅಡಿಯಲ್ಲಿ ನಾನು ಬೆಳಕನ್ನು ಅಳೆದಿದ್ದೆ. ನಿಚ್ಚಳ ಬಿಸಿಲಿನ ಸುಮಾರು ಐನೂರರಲ್ಲಿ ಒಂದು ಪಾಲು ಮಾತ್ರ ಅಲ್ಲಿತ್ತು. ಹತ್ತಿರದ ಕಲ್ಲಿನಿಂದ ದೂರದ ಮರದವರೆಗೆ ಎಲ್ಲವೂ ಸ್ಪಷ್ಟವಾಗಿ ಮೂಡಬೇಕಾದರೆ ಮಸೂರದ ರಂಧ್ರವನ್ನು ಎಫ್ 16ಕ್ಕೆ ಕಿರಿದುಗೊಳಿಸಬೇಕು. ಆಗ 50ರ ವೇಗದ ಫಿಲ್ಮಿಗೆ 8 ಸೆಕೆಂಡು ಬೇಕು. 800ರ ಫಿಲ್ಮು ಅದಕ್ಕಿಂತ ಹದಿನಾರು ಪಾಲು ಚುರುಕು. ಆದರೂ ಅದಕ್ಕೆ ಅರ್ಧ ಸೆಕೆಂಡು ಬೇಕು. ಅರ್ಧ ಸೆಕೆಂಡು ಕ್ಯಾಮರಾವನ್ನು ಅಲುಗದಂತೆ ಕೈಯಲ್ಲಿ ಹಿಡಿಯುವುದು ಆಗದ ಮಾತು. ಎಂದರೆ, ಮೂರು ಕಾಲಿನ ಸ್ಟ್ಯಾಂಡು ಎರಡಕ್ಕೂ ಬೇಕು. ಸ್ಟ್ಯಾಂಡನ್ನು ಹೊತ್ತು ಘಟ್ಟ ಹತ್ತಿದ ಮೇಲೆ ಒರಟು ಫಿಲ್ಮನ್ನು ಹಾಕಿ ಪಡೆಯುವ ಲಾಭವೇನು? ಬಂಡೆ ಓಡಿಹೋಗುವುದಿಲ್ಲ, ಅಣಬೆ ಹಾರಿಹೋಗುವುದಿಲ್ಲ. ನಿಂತಿರುವ ವಸ್ತುವಿಗೆ ಕಾಲವನ್ನು ಧಾರಾಳವಾಗಿ ಕೊಡಬಹುದು.

ಆದರೆ ಇಲ್ಲಿ ಒಂದು ತೊಡಕಿದೆ. ಅದನ್ನು ನಾನು ನಷ್ಟಪಟ್ಟು ಕಲಿತೆ. 2018ರ ಮಳೆಗಾಲದ ಕೊನೆಯಲ್ಲಿ ಅದೇ ತೊರೆಯ ಬಳಿ ಸಂಜೆಯವರೆಗೆ ಕಾದೆ. ಬೆಳಕು ಮಧ್ಯಾಹ್ನದ ಕಾಲು ಪಾಲಿಗೆ ಇಳಿದಿತ್ತು. 8ನ್ನು ನಾಲ್ಕರಿಂದ ಗುಣಿಸಿ 32 ಸೆಕೆಂಡು ಕೊಟ್ಟು, ಉಳಿದಿದ್ದ ಫಿಲ್ಮನ್ನೆಲ್ಲ ಮುಗಿಸಿದೆ. ಚಿತ್ರಗಳು ಸಂಸ್ಕರಣೆಯಾಗಿ ಬಂದಾಗ ಎಲ್ಲವೂ ಕಪ್ಪಾಗಿದ್ದವು. ಅದರ ಮೇಲೆ ಒಂದು ಹಸಿರು ಛಾಯೆ. ತಪ್ಪು ಫಿಲ್ಮಿನದಲ್ಲ, ಭೌತವಿಜ್ಞಾನ ಪಾಠ ಹೇಳುವ ನಾನು ಭೌತವಿಜ್ಞಾನವನ್ನೇ ಮರೆತಿದ್ದೆ.

ಬೆಳಕಿನ ತೀವ್ರತೆ ಮತ್ತು ಕಾಲ ಇವೆರಡರ ಗುಣಲಬ್ಧ ಒಂದೇ ಆಗಿದ್ದರೆ ಪರಿಣಾಮವೂ ಒಂದೇ ಎಂಬುದು 1862ರಲ್ಲಿ ಬುನ್ಸೆನ್ ಮತ್ತು ರಾಸ್ಕೋ ಅವರು ಹೇಳಿದ ನಿಯಮ. ನಕ್ಷತ್ರಗಳ ಚಿತ್ರ ತೆಗೆಯುತ್ತಿದ್ದ ಜರ್ಮನ್ ಖಗೋಳಜ್ಞ ಕಾರ್ಲ್ ಶ್ವಾರ್ಜ್‌ಶೀಲ್ಡ್, 1900ರ ಸುಮಾರಿಗೆ, ತೀರ ಮಂದ ಬೆಳಕಿನಲ್ಲಿ ಫಿಲ್ಮು ಈ ನಿಯಮವನ್ನು ಪಾಲಿಸುವುದಿಲ್ಲವೆಂದು ತೋರಿಸಿದನು. ಹರಳಿನ ಮೇಲೆ ಬಿದ್ದ ಬೆಳಕಿನ ಕಣವೊಂದು ಬೆಳ್ಳಿಯ ಒಂದು ಪರಮಾಣುವನ್ನು ಹುಟ್ಟಿಸುತ್ತದೆ. ಒಂಟಿ ಪರಮಾಣು ಅಸ್ಥಿರ. ಬೇಗನೆ ಜೊತೆ ಸಿಗದಿದ್ದರೆ ಅದು ಅಳಿದುಹೋಗುತ್ತದೆ. ಕೆಲವು ಪರಮಾಣುಗಳು ಗುಂಪುಗೂಡಿದಾಗ ಮಾತ್ರ ಸಂಸ್ಕರಣೆಯಲ್ಲಿ ಆ ಹರಳು ಚಿತ್ರದ ಅಂಶವಾಗುತ್ತದೆ. ತೂತು ಬಿಂದಿಗೆಗೆ ಕೊಡದಿಂದ ಸುರಿದರೆ ನೀರು ನಿಲ್ಲುತ್ತದೆ. ಅಷ್ಟೇ ನೀರನ್ನು ಹನಿಹನಿಯಾಗಿ ಹಾಕಿದರೆ ನಿಲ್ಲುವುದಿಲ್ಲ. ವರ್ಣ ಫಿಲ್ಮಿನ ಮೂರು ಪದರಗಳು ಸಮವಾಗಿ ಸೋರದೆ ಇರುವುದರಿಂದ ಬಣ್ಣವೂ ಕೆಡುತ್ತದೆ.

ಆದುದರಿಂದ ಡಬ್ಬಿಯ ಮೇಲಿನ ಅಂಕಿಯೊಂದನ್ನೇ ನೋಡಿ ಫಿಲ್ಮನ್ನು ಆರಿಸಬಾರದು. 1990ರಲ್ಲಿ ಬಂದ ಫ್ಯೂಜಿಯ ವೆಲ್ವಿಯಾ 50 ಪ್ರಕೃತಿ ಛಾಯಾಗ್ರಾಹಕರಿಗೆ ಬಹು ಪ್ರಿಯವಾದುದು. ತಯಾರಕರ ಸೂಚನೆಯಂತೆ ಅದಕ್ಕೆ 8 ಸೆಕೆಂಡಿನ ಹೊತ್ತಿಗೆ ಅರ್ಧ ಸ್ಟಾಪು, 32 ಸೆಕೆಂಡಿಗೆ ಪೂರ್ತಿ ಒಂದು ಸ್ಟಾಪು, ಎಂದರೆ ಎರಡರಷ್ಟು ಬೆಳಕು, ಹೆಚ್ಚಾಗಿ ಬೇಕು. ಜೊತೆಗೆ ಹಸಿರನ್ನು ತಡೆಯಲು ಮೆಜೆಂಟಾ ಬಣ್ಣದ ಫಿಲ್ಟರು ಬೇಕು. ಅದೇ ತಯಾರಕರ ಪ್ರೋವಿಯಾ 100ಎಫ್ ಎಂಬುದಕ್ಕೆ 128 ಸೆಕೆಂಡುಗಳವರೆಗೆ ಯಾವ ತಿದ್ದುಪಡಿಯೂ ಬೇಡ. ಕಾಳಿನ ಒರಟುತನವನ್ನು ಸೂಚಿಸುವ ಅಂಕಿ ವೆಲ್ವಿಯಾಕ್ಕೆ 9, ಪ್ರೋವಿಯಾಕ್ಕೆ 8. ತುಸು ವೇಗವಾದುದೇ ಹೆಚ್ಚು ನವಿರು! ಅಲ್ಲದೆ ವೆಲ್ವಿಯಾ ಬಣ್ಣಗಳನ್ನು ಇರುವುದಕ್ಕಿಂತ ಮಿಗಿಲಾಗಿ ತೋರಿಸುವುದಕ್ಕೆ ಹೆಸರಾದುದು. ಆಷಾಢದ ನಮ್ಮ ಹಸಿರಿಗೆ ಮತ್ತಷ್ಟು ಹಸಿರು ಬಳಿಯುವ ಅಗತ್ಯವಿಲ್ಲ. ಮಬ್ಬುಗತ್ತಲೆಯ ಕಾಡಿಗೆ ಪ್ರೋವಿಯಾವೇ ಉತ್ತಮವೆಂಬುದು ನನ್ನ ಅಭಿಪ್ರಾಯ.

ಈ ಸಲಹೆಗೆ ಮಿತಿಯುಂಟು. ಘಟ್ಟದ ಮೇಲಣ ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿಯವರು (1938–2007) ಹಕ್ಕಿಗಳ ಚಿತ್ರ ತೆಗೆದರು. ಹಕ್ಕಿ ನಮಗಾಗಿ 8 ಸೆಕೆಂಡು ಕೂರುವುದಿಲ್ಲ. ಮಳೆ ಹಿಡಿಯುವ ಮುನ್ನ ಕಾಣುವ ಮಿಂಚುಹುಳುಗಳದು ಇನ್ನೂ ಸ್ವಾರಸ್ಯದ ಸಂಗತಿ. ಹುಳುವಿನ ಒಂದು ಮಿನುಗು ಅರೆಕ್ಷಣದ್ದು. ಷಟರನ್ನು ಹತ್ತು ನಿಮಿಷ ತೆರೆದಿಟ್ಟರೆ ಮಿನುಗುಗಳ ಸಂಖ್ಯೆ ಹೆಚ್ಚುತ್ತದೆಯೇ ಹೊರತು ಯಾವ ಒಂದು ಮಿನುಗೂ ಹೆಚ್ಚು ಬೆಳಗುವುದಿಲ್ಲ. ಅಲ್ಲಿ ವೇಗದ ಫಿಲ್ಮೂ ಅಗಲವಾದ ರಂಧ್ರವೂ ಅವಶ್ಯ. “ಬೆಳಕು ಎಷ್ಟಿದೆ?” ಎಂಬುದಕ್ಕಿಂತ ಮೊದಲು “ವಸ್ತು ನಿಂತಿದೆಯೆ?” ಎಂದು ಕೇಳಿಕೊಳ್ಳಬೇಕು.

ಮೊಬೈಲಿನಲ್ಲಿ ಕ್ಷಣಾರ್ಧದಲ್ಲಿ ಆಗುವ ಕೆಲಸಕ್ಕೆ ಇಷ್ಟು ಖರ್ಚು, ಇಷ್ಟು ಶ್ರಮ ಏಕೆಂದು ಕೆಲವರು ಕೇಳಬಹುದು. ಅವರ ಮಾತು ಅನ್ಯಾಯವಲ್ಲ. 1935ರಲ್ಲಿ ಹುಟ್ಟಿದ ಕೊಡಕ್ರೋಮ್ ತಯಾರಿಕೆ 2009ರಲ್ಲಿ ನಿಂತಿತು. ಸ್ಲೈಡ್ ಫಿಲ್ಮುಗಳ ಆಯ್ಕೆ ಇಂದು ಬಹಳ ಕಿರಿದಾಗಿದೆ. ಆದರೆ ಮೂವತ್ತಾರೇ ಚಿತ್ರಗಳಿರುವ ಸುರುಳಿ, ಒಂದೊಂದು ಚಿತ್ರಕ್ಕೂ ಮುಂಚೆ ಬೆಳಕನ್ನು ಅಳೆಯುವುದನ್ನೂ ಎಣಿಸುವುದನ್ನೂ ಕಲಿಸುತ್ತದೆ. ಪ್ರಯೋಗಶಾಲೆಯಲ್ಲಿ ನಾವು ಕಲಿಸಲು ಹೆಣಗುವುದೂ ಅದನ್ನೇ.

2019ರ ಆಗಸ್ಟಿನ ಮಹಾಮಳೆಗೆ ಚಾರ್ಮಾಡಿ ಘಾಟಿಯಲ್ಲಿ ಹಲವೆಡೆ ಗುಡ್ಡಗಳು ಕುಸಿದುವು. ಮತ್ತೆ ಹೋಗಿ ನೋಡಿದಾಗ ನನ್ನ ತೊರೆಯ ಬಂಡೆಗಳು ಮಣ್ಣಿನಡಿ ಸೇರಿದ್ದವು. ಆ ಸಂಜೆಯ ಚಿತ್ರಗಳನ್ನು ಇನ್ನು ಯಾರೂ ತೆಗೆಯಲಾರರು. ಆ ಕಪ್ಪು ಸ್ಲೈಡುಗಳನ್ನು ನಾನು ಎಸೆದಿಲ್ಲ. ಫಿಲ್ಮು ಕೇಳಲು ಬರುವ ವಿದ್ಯಾರ್ಥಿಗೆ ಮೊದಲು ಅವುಗಳನ್ನು ಬೆಳಕಿಗೆ ಹಿಡಿದು ತೋರಿಸುತ್ತೇನೆ. ಸ್ಟ್ಯಾಂಡನ್ನೂ ತಯಾರಕರ ಸೂಚನಾಪತ್ರವನ್ನೂ ಮರೆಯಬೇಡ ಎಂದು ಹೇಳಿ ಕಳುಹಿಸುತ್ತೇನೆ.