ಕೈಗಾಕ್ಕೆ ಇರುವ ಕಣ್ಣು ಶಕ್ತಿನಗರಕ್ಕೆ ಯಾಕಿಲ್ಲ?

2009ರ ನವೆಂಬರ್‌ನಲ್ಲಿ ಕೈಗಾ ಅಣು ವಿದ್ಯುತ್ ಸ್ಥಾವರದ ಐವತ್ತಕ್ಕೂ ಹೆಚ್ಚು ನೌಕರರ ದೇಹಕ್ಕೆ ವಿಕಿರಣಶೀಲ ಟ್ರಿಟಿಯಂ ಸೇರಿದ ಸುದ್ದಿ ದೇಶವನ್ನೇ ಬೆಚ್ಚಿಬೀಳಿಸಿತ್ತು. ಕುಡಿಯುವ ನೀರಿನ ಕೂಲರ್‌ಗೆ ಯಾರೋ ಟ್ರಿಟಿಯಂ ಇದ್ದ ಭಾರಜಲ ಬೆರೆಸಿದ್ದರು. ಅದು ಬಯಲಾದದ್ದು ನೌಕರರ ಮೂತ್ರ ಪರೀಕ್ಷೆಯಿಂದ. ಅಲ್ಲಿ ಆ ಪರೀಕ್ಷೆ ನಿತ್ಯದ ಕ್ರಮ. ಗುತ್ತಿಗೆ ಕಾರ್ಮಿಕನೂ ವಿಕಿರಣ ವಲಯದೊಳಗೆ ಕಾಲಿಡುವಾಗ ಎದೆಗೆ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಸಿಕ್ಕಿಸಿಕೊಳ್ಳಬೇಕು. ಸುತ್ತಲಿನ ಊರುಗಳ ನೀರು, ಮಣ್ಣು, ಹಾಲು, ಮೀನನ್ನು ಪರೀಕ್ಷಿಸಲು ಪ್ರತ್ಯೇಕ ಪ್ರಯೋಗಾಲಯವೇ ಇದೆ. ಅಳೆಯುತ್ತಿದ್ದರು, ಆದ್ದರಿಂದ ಸಿಕ್ಕಿಬಿತ್ತು.

ರಾಯಚೂರಿನ ಶಕ್ತಿನಗರದ ಶಾಖೋತ್ಪನ್ನ ಕೇಂದ್ರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ. ಎಂಟು ಘಟಕ, 1,720 ಮೆಗಾವಾಟ್. ಸಾಲದ್ದಕ್ಕೆ ಯರಮರಸ್‌ನಲ್ಲಿ 800 ಮೆಗಾವಾಟಿನ ಇನ್ನೆರಡು. ಕಲ್ಲಿದ್ದಲಿನಲ್ಲಿ ಯುರೇನಿಯಂ, ಥೋರಿಯಂ ಇರುವುದು ಹೊಸ ಸಂಗತಿಯೇನಲ್ಲ. ಭಾರತದ ಕಲ್ಲಿದ್ದಲಿನ ಒಂದು ಟನ್ನಿಗೆ ಯುರೇನಿಯಂ ಒಂದರಿಂದ ನಾಲ್ಕು ಗ್ರಾಂ, ಥೋರಿಯಂ ಅದಕ್ಕಿಂತ ಹೆಚ್ಚು ಎಂದಿಟ್ಟುಕೊಳ್ಳಬಹುದು. 210 ಮೆಗಾವಾಟಿನ ಒಂದು ಘಟಕ ಪೂರ್ಣ ಸಾಮರ್ಥ್ಯದಲ್ಲಿ ಓಡಿದರೆ ದಿನಕ್ಕೆ ಸುಮಾರು 3,000 ಟನ್ ಕಲ್ಲಿದ್ದಲು ಬೇಕು. ಟನ್ನಿಗೆ ಎರಡೇ ಗ್ರಾಂ ಎಂದು ಹಿಡಿದರೂ ಒಂದು ಘಟಕದ ಕುಲುಮೆಯ ಮೂಲಕ ದಿನಕ್ಕೆ ಆರು ಕಿಲೋ ಯುರೇನಿಯಂ ಹಾದುಹೋಗುತ್ತದೆ. ಅದು ಉರಿದು ಇಲ್ಲವಾಗುವ ವಸ್ತುವಲ್ಲ. ಕಬ್ಬಿನ ಹಾಲು ಕುದಿದು ಕುದಿದು ಬೆಲ್ಲವಾದ ಹಾಗೆ, ಇಂಗಾಲ ಉರಿದು ಹೋದ ಮೇಲೆ ಉಳಿದ ಬೂದಿಯಲ್ಲಿ ಇದೆಲ್ಲ ಗಟ್ಟಿಯಾಗಿ ಕೂರುತ್ತದೆ.

ಇದನ್ನೇ ಹಿಡಿದು ‘ಕಲ್ಲಿದ್ದಲಿನ ಬೂದಿ ಅಣು ತ್ಯಾಜ್ಯಕ್ಕಿಂತ ಹೆಚ್ಚು ವಿಕಿರಣಶೀಲ’ ಎಂದು ಸಾರುವವರಿದ್ದಾರೆ. ಅದು ತಪ್ಪು. 1978ರಲ್ಲಿ ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದ ವಿಜ್ಞಾನಿಗಳು ಹೋಲಿಸಿದ್ದು, ಸಹಜವಾಗಿ ಓಡುತ್ತಿರುವ ಎರಡು ಬಗೆಯ ಸ್ಥಾವರಗಳು ಹೊರಗಿನ ಗಾಳಿಗೆ ಬಿಡುವ ವಿಕಿರಣವನ್ನು. ಬಳಸಿದ ಅಣು ಇಂಧನವನ್ನು ಬೂದಿಯ ಪಕ್ಕದಲ್ಲಿಟ್ಟು ತೂಗಿದ್ದಲ್ಲ. ಬಳಸಿದ ಇಂಧನದ ಬಳಿ ನಿಂತವನು ಬದುಕುವುದಿಲ್ಲ. ಬೂದಿಯ ಗುಡ್ಡದ ಬಳಿ ನಿಂತವನಿಗೆ ಆ ಕ್ಷಣ ಏನೂ ಆಗುವುದಿಲ್ಲ. ನಮ್ಮ ಪರಿಸರ ಹೋರಾಟಗಾರರು ಈ ಘೋಷಣೆಯನ್ನು ಕೈಬಿಡಬೇಕು. ಇಂಥ ಒಂದು ಉತ್ಪ್ರೇಕ್ಷೆ ಸಿಕ್ಕರೆ ಸಾಕು, ಅಧಿಕಾರಿಗಳು ಇಡೀ ಪ್ರಶ್ನೆಯನ್ನೇ ತಳ್ಳಿಹಾಕುತ್ತಾರೆ.

ಹಾಗೆ ತಳ್ಳಿಹಾಕುವವರು ಒಂದು ಅಂಕಿ ಮುಂದಿಡುತ್ತಾರೆ. ಕಟ್ಟಡ ಸಾಮಗ್ರಿಯ ವಿಕಿರಣಕ್ಕೆ ಅಣುಶಕ್ತಿ ನಿಯಂತ್ರಣ ಮಂಡಳಿ ಹಾಕಿದ ಗಡಿ ಗ್ರಾಮಿಗೆ ಒಂದು ಬೆಕೆರೆಲ್. ಹಾರುಬೂದಿಯಲ್ಲಿ ಇರುವುದು ಅದಕ್ಕಿಂತ ಬಹಳ ಕಡಿಮೆ. ನಿಜ. ಬೂದಿಯ ಕಣ ಗಾಜಿನಂತಿರುವುದರಿಂದ ರೇಡಾನ್ ಅನಿಲ ಸುಲಭವಾಗಿ ಹೊರಬರುವುದಿಲ್ಲ ಎನ್ನುವುದೂ ನಿಜ. ಬೂದಿ ಇಟ್ಟಿಗೆಯ ಮನೆಯಲ್ಲಿ ಇರುವವರು ಗಾಬರಿಪಡಬೇಕಿಲ್ಲ. ಆದರೆ ಆ ಗಡಿ ಗೋಡೆಯೊಳಗೆ ಕೂತ ಬೂದಿಗೆ ಹಾಕಿದ್ದು. ಉಸಿರಿನ ಜೊತೆ ಒಳಗೆ ಹೋಗುವ ಬೂದಿಯ ಲೆಕ್ಕ ಬೇರೆ.

ಯುರೇನಿಯಂ ಕ್ಷಯಿಸುತ್ತಾ ಹೋಗುವ ಸರಪಳಿಯಲ್ಲಿ ಸೀಸ-210, ಪೊಲೋನಿಯಂ-210 ಎಂಬ ಎರಡು ಬರುತ್ತವೆ. ಮೊದಲನೆಯದರ ಅರ್ಧಾಯುಷ್ಯ 22 ವರ್ಷ, ಎರಡನೆಯದರದ್ದು 138 ದಿನ. ಕುಲುಮೆಯ ಬಿಸಿಗೆ ಇವು ಆವಿಯಾಗುತ್ತವೆ. ಹೊಗೆ ತಣ್ಣಗಾಗುತ್ತಿದ್ದಂತೆ ಬೂದಿಕಣಗಳ ಮೈಗೆ ಅಂಟಿಕೊಳ್ಳುತ್ತವೆ. ತೂಕಕ್ಕೆ ಹೋಲಿಸಿದರೆ ಅತಿ ಸಣ್ಣ ಕಣಗಳಿಗೇ ಮೈ ಹೆಚ್ಚು, ಹಾಗಾಗಿ ಅವಕ್ಕೇ ಹೆಚ್ಚು ಅಂಟುತ್ತವೆ. ಚಿಮಣಿಯ ಬುಡದ ಇಎಸ್‌ಪಿ ಯಂತ್ರ ನೂರಕ್ಕೆ 99 ಪಾಲಿಗಿಂತ ಹೆಚ್ಚು ಬೂದಿ ಹಿಡಿಯುತ್ತದೆ ಎನ್ನುತ್ತಾರೆ, ಆದರೆ ತಪ್ಪಿಸಿಕೊಳ್ಳುವ ಪಾಲಿನಲ್ಲಿ ಹೆಚ್ಚಿನವು ಈ ಸಣ್ಣ ಕಣಗಳೇ. ಶ್ವಾಸಕೋಶದ ಆಳಕ್ಕೆ ಇಳಿಯುವುದೂ ಇವೇ. ಪೊಲೋನಿಯಂ ಹೊರಸೂಸುವ ಆಲ್ಫಾ ಕಣ ಚರ್ಮವನ್ನು ದಾಟಲಾರದು. ಶ್ವಾಸಕೋಶದ ಒಳಗೆ ಕೂತರೆ ಪಕ್ಕದ ಜೀವಕೋಶವನ್ನೇ ಹೊಡೆಯುತ್ತದೆ. ಬೀಡಿ ಸೇದುವವನ ಎದೆಗೆ ತಂಬಾಕಿನಿಂದ ಇಳಿಯುವುದೂ ಇದೇ ಪೊಲೋನಿಯಂ. ವಿಕಿರಣವಿರಲಿ ಬಿಡಲಿ, ಸಣ್ಣ ಧೂಳು ಹೃದಯಕ್ಕೂ ಶ್ವಾಸಕೋಶಕ್ಕೂ ಮಾಡುವ ಹಾನಿ ಇದಕ್ಕಿಂತ ದೊಡ್ಡದು. ಅದಕ್ಕೇ ಎರಡನ್ನೂ ಒಟ್ಟಿಗೆ ನೋಡಬೇಕು ಎನ್ನುವುದು.

ಯಾವುದೇ ಶಾಖೋತ್ಪನ್ನ ಕೇಂದ್ರದಲ್ಲಿ ಈ ಧೂಳು ಮೊದಲು ತಟ್ಟುವುದು ಬೂದಿ ವಿಭಾಗದ ಗುತ್ತಿಗೆ ಕಾರ್ಮಿಕರಿಗೆ. ಇಎಸ್‌ಪಿಯ ಕೆಳಗಿನ ಹಾಪರ್‌ನಲ್ಲಿ ಬೂದಿ ಕಟ್ಟಿಕೊಂಡಾಗ ಸರಳಿನಿಂದ ತಿವಿದು, ಸುತ್ತಿಗೆಯಿಂದ ಬಡಿದು ಬಿಡಿಸಬೇಕು. ಬಿಟ್ಟುಕೊಂಡ ಬೂದಿ ನೀರಿನ ಹಾಗೆ ಸುರಿಯುತ್ತದೆ. ಎಷ್ಟೋ ಸಲ ಮೂಗಿಗೆ ಕಟ್ಟಿದ ಟವೆಲ್ಲೇ ಅವರ ರಕ್ಷಣೆ. ಟ್ಯಾಂಕರ್ ತುಂಬುವವರು, ಬೂದಿಹೊಂಡದಿಂದ ಲಾರಿಗೆ ತುಂಬುವವರು, ಇಟ್ಟಿಗೆ ಭಟ್ಟಿಯ ಹೆಂಗಸರು, ಇವರಲ್ಲಿ ಯಾರ ಎದೆಯ ಮೇಲೂ ಬ್ಯಾಡ್ಜ್ ಇಲ್ಲ.

2015ರ ಡಿಸೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಶಾಖೋತ್ಪನ್ನ ಕೇಂದ್ರಗಳಿಗೆ ಹೊಸ ಮಾನದಂಡ ತಂದಿತು. ಹೊಗೆಯಲ್ಲಿ ಧೂಳು, ಗಂಧಕದ ಡೈಆಕ್ಸೈಡ್, ಸಾರಜನಕದ ಆಕ್ಸೈಡ್, ಪಾದರಸ ಇಷ್ಟಿಷ್ಟೇ ಇರಬೇಕು ಎಂದಿತು. ವಿಕಿರಣದ ಹೆಸರೇ ಅದರಲ್ಲಿಲ್ಲ. ಇದ್ದ ನಿಯಮಗಳೂ ಸಡಿಲವಾಗುತ್ತಿವೆ. ಗಣಿಯಿಂದ ದೂರದ ಸ್ಥಾವರಗಳು ಶೇ 34ಕ್ಕಿಂತ ಹೆಚ್ಚು ಬೂದಿಯಿರುವ ಕಲ್ಲಿದ್ದಲು ಸುಡಬಾರದೆಂಬ ನಿಯಮ 2020ರ ಮೇ ತಿಂಗಳಲ್ಲಿ ಹೋಯಿತು. ಗಂಧಕ ತೊಳೆಯುವ ಯಂತ್ರದಿಂದ ದೇಶದ ಬಹುಪಾಲು ಘಟಕಗಳಿಗೆ 2025ರ ಜುಲೈನಲ್ಲಿ ವಿನಾಯಿತಿ ಸಿಕ್ಕಿತು. ಇನ್ನೊಂದೆಡೆ, ಬೂದಿಯನ್ನು ಪೂರ್ತಿ ಬಳಸಿಯೇ ತೀರಬೇಕು ಎಂಬ 2021ರ ಅಧಿಸೂಚನೆಯಿಂದಾಗಿ ಅದು ರಸ್ತೆಗೆ, ಸಿಮೆಂಟಿಗೆ, ಇಟ್ಟಿಗೆಗೆ, ತಗ್ಗು ಜಮೀನಿಗೆ ಹರಡುತ್ತಿದೆ. ಬಳಕೆಯನ್ನು ನಾನು ವಿರೋಧಿಸುವುದಿಲ್ಲ. ಹರಡುವ ಮೊದಲು ಪ್ರತಿ ಕಂತಿನ ಬೂದಿಯನ್ನು ಪರೀಕ್ಷಿಸಿ ಫಲಿತಾಂಶ ಪ್ರಕಟಿಸದಿರುವುದನ್ನು ವಿರೋಧಿಸುತ್ತೇನೆ.

‘ತೊಂದರೆ ಕಂಡರೆ ಆಗ ನೋಡೋಣ’ ಎನ್ನುವವರು ಪಂಜಾಬನ್ನು ನೆನಪಿಸಿಕೊಳ್ಳಲಿ. 2009ರಲ್ಲಿ ಫರೀದ್‌ಕೋಟ್‌ನ ಬುದ್ಧಿಮಾಂದ್ಯ ಮಕ್ಕಳ ಕೂದಲಿನಲ್ಲಿ ಯುರೇನಿಯಂ ಸಿಕ್ಕಾಗ ಬೆರಳು ಮೊದಲು ತೋರಿದ್ದು ಬಠಿಂಡಾದ ಶಾಖೋತ್ಪನ್ನ ಕೇಂದ್ರಗಳ ಕಡೆಗೆ. ಬೂದಿ ಕಾರಣವಲ್ಲ ಎಂದು ಭಾಭಾ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಹೇಳಿದರು. ಅಂತರ್ಜಲದ ಯುರೇನಿಯಂಗೆ ಭೂಮಿಯೊಳಗಿನ ಕಾರಣಗಳನ್ನು ಮುಂದೆ ಸಂಶೋಧಕರು ತೋರಿಸಿದರು. ಆದರೂ ಆ ತಂದೆತಾಯಂದಿರ ಅನುಮಾನ ಹೋಗಲಿಲ್ಲ. ಮೊದಲಿನಿಂದ ಅಳೆದ ದಾಖಲೆ ಇದ್ದಿದ್ದರೆ ಅವರ ಮುಂದೆ ಇಡಬಹುದಿತ್ತು.

ನಮ್ಮಲ್ಲೂ ಪಕ್ಕದ ಯಾದಗಿರಿಯ ಗೋಗಿಯಲ್ಲಿ ಯುರೇನಿಯಂ ನಿಕ್ಷೇಪವಿದೆ. ಈ ಸೀಮೆಯ ಕಲ್ಲಿನಲ್ಲೇ ಅದು ಇದೆ. ನಾಳೆ ಶಕ್ತಿನಗರದ ಪಕ್ಕದ ದೇವಸೂಗೂರಿನ ಬೋರ್‌ವೆಲ್‌ನಲ್ಲಿ ಯುರೇನಿಯಂ ಸಿಕ್ಕರೆ ಅದು ಬಂಡೆಯದೋ ಬೂದಿಹೊಂಡದ್ದೋ ಎಂದು ಹೇಳಲು ವರ್ಷಗಳ ದಾಖಲೆ ಬೇಕು, ಹೊಂಡದ ಮೇಲೂ ಕೆಳಗೂ ತೆಗೆದ ನೀರಿನ ಮಾದರಿ ಬೇಕು. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ 1980ರ ದಶಕದಿಂದ ನಡೆಸುತ್ತಿರುವಂಥ ಕ್ಯಾನ್ಸರ್ ನೋಂದಣಿ ರಾಯಚೂರು ಜಿಲ್ಲೆಗೂ ಬೇಕು. ಏಮ್ಸ್‌ಗಾಗಿ 2022ರಿಂದ ಧರಣಿ ಕೂತ ಜಿಲ್ಲೆ ಇದು. ಆಸ್ಪತ್ರೆ ಬರುವ ತನಕ ಕಾಯಿಲೆಯ ಲೆಕ್ಕವನ್ನಾದರೂ ಶುರುಮಾಡಬಹುದು.

ಈ ಅಳತೆಗೆ ದಿಲ್ಲಿಯ ಅಪ್ಪಣೆಗೆ ಕಾಯಬೇಕಿಲ್ಲ. ಶಕ್ತಿನಗರದ ಸ್ಥಾವರ ಕರ್ನಾಟಕ ವಿದ್ಯುತ್ ನಿಗಮದ್ದು, ನಿಗಮ ರಾಜ್ಯ ಸರ್ಕಾರದ್ದು, ಅದರ ಅಧ್ಯಕ್ಷ ಸ್ಥಾನದಲ್ಲಿ ಕೂರುವವರು ಮುಖ್ಯಮಂತ್ರಿ. ಬೂದಿ, ಗಾಳಿ, ನೀರಿನ ವಿಕಿರಣವನ್ನು ಸ್ವತಂತ್ರ ಪ್ರಯೋಗಾಲಯದಲ್ಲಿ ಅಳೆಸಿ, ಮೂರು ತಿಂಗಳಿಗೊಮ್ಮೆ ಆ ಅಂಕಿಗಳನ್ನು ದೇವಸೂಗೂರಿನ ಪಂಚಾಯಿತಿಯ ಗೋಡೆಗೆ ಕನ್ನಡದಲ್ಲಿ ಅಂಟಿಸಲು ಆಡಳಿತ ಮಂಡಳಿಯ ಮುಂದಿನ ಸಭೆಯಲ್ಲಿ ಒಂದು ನಿರ್ಣಯವಾದರೆ ಸಾಕು.