ಇನ್‌ಸ್ಪೆಕ್ಟರ್ ಬರುವ ಮೊದಲು ನಾವೇ ಕರೆಯೋಣ

ಗಲ್ಫ್‌ನಿಂದ ರಜೆಗೆ ಬಂದ ನಮ್ಮ ಹುಡುಗರ ಹತ್ತಿರ ಒಮ್ಮೆ ಕೇಳಿ ನೋಡಿ. ಹೆಲ್ಮೆಟ್, ಸೇಫ್ಟಿ ಶೂ ಇಲ್ಲದೆ ಸೈಟಿನ ಗೇಟು ದಾಟಲಿಕ್ಕೆ ಬಿಡುವುದಿಲ್ಲ ಅಂತಾರೆ. ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಿನಲ್ಲಿ ಕೆಲಸ ಮಾಡಿಸುವ ಹಾಗಿಲ್ಲ. ಅದೇ ಹುಡುಗ ಊರಿಗೆ ಬಂದು ಮರದ ಮಿಲ್ಲಿಗೆ ಸೇರಿದರೆ? ಲುಂಗಿ ಉಟ್ಟು, ಹವಾಯಿ ಚಪ್ಪಲಿಯಲ್ಲಿ ಗರಗಸದ ಮುಂದೆ ನಿಲ್ಲುತ್ತಾನೆ.

ನಮ್ಮ ಪರಿಚಯದ ಒಬ್ಬರು ಹೀಗೆಯೇ ಬಲಗೈಯ ಮೂರು ಬೆರಳು ಕಳೆದುಕೊಂಡರು. ಗರಗಸಕ್ಕೆ ಗಾರ್ಡ್ ಇತ್ತು. ಕೆಲಸ ನಿಧಾನ ಆಗ್ತದೆ ಅಂತ ಬಿಚ್ಚಿ ಮೂಲೆಗಿಟ್ಟಿದ್ದರು. ನಾವೆಲ್ಲ ಹಣ ಒಟ್ಟು ಮಾಡಿ ಆಸ್ಪತ್ರೆ ಬಿಲ್ಲು ಕಟ್ಟಿದೆವು. ಅದರಲ್ಲಿ ನಾವು ಯಾವತ್ತೂ ಮುಂದು. ಆದರೆ ಆ ಗಾರ್ಡನ್ನು ವಾಪಸ್ ಹಾಕಿಸಿದವರು ಯಾರೂ ಇಲ್ಲ.

ಮಾಲಕರನ್ನು ಕೇಳಿದರೆ, "ಇಲಾಖೆಯವರನ್ನು ಕರೆಯುವುದೆಂದರೆ ಹಾವನ್ನು ಮನೆಯೊಳಗೆ ಬಿಟ್ಟ ಹಾಗೆ ಮಾರಾಯ್ರೇ" ಅನ್ನುತ್ತಾರೆ. ಈ ಹೆದರಿಕೆ ನಮ್ಮದು ಮಾತ್ರ ಅಲ್ಲ. ಅಮೆರಿಕದಲ್ಲೂ ಇತ್ತು. ಅಲ್ಲಿನ ಸುರಕ್ಷತಾ ಇಲಾಖೆ ಓಶಾ ಅದಕ್ಕೊಂದು ದಾರಿ ಮಾಡಿತು. ಸಣ್ಣ ಮಾಲಕರು ಕರೆದರೆ ಸಲಹೆಗಾರರು ಉಚಿತವಾಗಿ ಬಂದು ನೋಡುತ್ತಾರೆ, ದಂಡ ಹಾಕುವುದಿಲ್ಲ. ಒಂದೇ ಷರತ್ತು: ಗಂಭೀರ ಅಪಾಯ ಕಂಡರೆ ಒಪ್ಪಿದ ಅವಧಿಯೊಳಗೆ ಸರಿಪಡಿಸಬೇಕು. ಸುರಕ್ಷತೆಯಲ್ಲಿ ಆಗಲೇ ಮೇಲ್ಮಟ್ಟ ತಲುಪಿದ ಕಂಪನಿಗಳಿಗೆ 1982ರಿಂದ ಬೇರೆಯೇ ಕಾರ್ಯಕ್ರಮ ಉಂಟು. ಹನ್ನೆರಡು ಜನರ ಮಿಲ್ಲಿಗೆ ಬೇಕಾದದ್ದು ಬಿರುದು ಅಲ್ಲ, ಸಲಹೆ. ನಮ್ಮ ಅಳತೆಗೆ ತಕ್ಕದ್ದನ್ನು ಆರಿಸಬೇಕು.

ನಮ್ಮಲ್ಲಿ ಏನುಂಟು? 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ ಇನ್‌ಸ್ಪೆಕ್ಟರ್ ಹೆಸರಿಗೆ 'ಫೆಸಿಲಿಟೇಟರ್' ಅಂತಲೂ ಸೇರಿಸಿದ್ದಾರೆ. ಅಂದರೆ ಮಾಲಕರಿಗೂ ಕಾರ್ಮಿಕರಿಗೂ ಸಲಹೆ ಕೊಡುವುದು ಅವರ ಕೆಲಸವೇ. ರಾಜ್ಯದಲ್ಲಿ ಕಾರ್ಖಾನೆಗಳ ಇಲಾಖೆ ಉಂಟು. 1966ರಲ್ಲಿ ಶುರುವಾದ ರಾಷ್ಟ್ರೀಯ ಸುರಕ್ಷತಾ ಮಂಡಳಿ ತರಬೇತಿ ಕೊಡುತ್ತದೆ.

ಇನ್ನೊಂದು ವಿಷಯ ಗಮನಿಸಿ. ವಿದ್ಯುತ್ ಬಳಸುವ ಘಟಕ 'ಕಾರ್ಖಾನೆ' ಅನಿಸಿಕೊಳ್ಳಲು ಮೊದಲು 10 ಕಾರ್ಮಿಕರಿದ್ದರೆ ಸಾಕಿತ್ತು. ಈ ಸಂಹಿತೆಯಲ್ಲಿ ಅದು 20. ನಮ್ಮ ಎಷ್ಟೋ ಮಿಲ್ಲುಗಳು ಆ ಲೆಕ್ಕದಿಂದ ಹೊರಗೆ. ಬಚಾವಾದೆವು ಅಂತ ಖುಷಿಪಡಬೇಡಿ. ಗರಗಸಕ್ಕೆ ತಲೆ ಎಣಿಸಲಿಕ್ಕೆ ಗೊತ್ತಿಲ್ಲ. ಯಾರೂ ಬಂದು ಕೇಳುವುದಿಲ್ಲ ಅಂದರೆ, ನಾವೇ ಹೋಗಿ ಕೇಳುವ ಜವಾಬ್ದಾರಿ ಹೆಚ್ಚು.

ಸಲಹೆ ಬಂದರೆ ದಂಡದ ಕಾನೂನು ಬೇಡ ಅಂತ ನಾನು ಹೇಳುವುದಿಲ್ಲ. ಕೇಳದವರಿಗೆ ಕಾನೂನು ಬೇಕೇ ಬೇಕು. ಕೇಳುವ ಮನಸ್ಸಿದ್ದವರಿಗೆ ಹೆದರಿಕೆ ಅಡ್ಡ ಬರಬಾರದು, ಅಷ್ಟೇ.

ಒಬ್ಬರಿಗೆ ಕಷ್ಟವಾದರೆ ನಾಲ್ಕೈದು ಮಿಲ್ಲಿನವರು ಒಟ್ಟಾಗಿ ಅರ್ಜಿ ಕೊಡಿ. ಸಲಹೆ ಕೊಡುವವರು ಬಂದ ದಿನ ಕೆಲಸದವರನ್ನೂ ಜೊತೆಗೆ ನಿಲ್ಲಿಸಿ, ಅವರಿಗೂ ಬಾಯಿ ಬಿಡಲು ಬಿಡಿ. ಯಾವ ಮೆಷಿನ್ ಎಲ್ಲಿ ಕಚ್ಚುತ್ತದೆ ಅಂತ ಮಾಲಕರಿಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಅಷ್ಟರೊಳಗೆ ಒಂದು ಕೆಲಸ ಇವತ್ತೇ ಮಾಡಬಹುದು. ಮೂಲೆಯಲ್ಲಿರುವ ಆ ಗಾರ್ಡನ್ನು ಧೂಳು ಒರೆಸಿ ವಾಪಸ್ ಹಾಕಿ.