ಹವಳದ ವಠಾರ

ಹವಳವೆಂದೊಡನೆ ನಮ್ಮ ಗೃಹಿಣಿಯರಿಗೆ ಕೊರಳ ಸರ ನೆನಪಾಗುತ್ತದೆ, ಜೋಯಿಸರಿಗೆ ಕುಜಗ್ರಹ. ಇಬ್ಬರ ಲೆಕ್ಕದಲ್ಲಿಯೂ ಅದು ನವರತ್ನಗಳಲ್ಲೊಂದು, ಕಲ್ಲಿನ ಜಾತಿ. ಆದರೆ ಹವಳವು ಕಲ್ಲೂ ಅಲ್ಲ, ಗಿಡವೂ ಅಲ್ಲ. ಅದನ್ನು ಕಟ್ಟುವುದು ಒಂದು ಪ್ರಾಣಿ. 18ನೆಯ ಶತಮಾನದ ಮೊದಲ ಭಾಗದಲ್ಲಿ ಪೇಸೊನೆಲ್ ಎಂಬ ಫ್ರೆಂಚ್ ವೈದ್ಯರು ಈ ಮಾತನ್ನು ಹೇಳಿದಾಗ ಪ್ಯಾರಿಸಿನ ಪಂಡಿತರು ನಂಬಲಿಲ್ಲ. ಹೂವಿನಂತೆ ಅರಳುವ ಆ ಜೀವಿಗೆ ಪಾಲಿಪ್ ಎಂದು ಹೆಸರು. ಅದಕ್ಕೆ ಬಾಯುಂಟು, ಹೊಟ್ಟೆಯುಂಟು, ಬಾಯ ಸುತ್ತಲೂ ಕುಟುಕುವ ಎಳೆಗಳುಂಟು. ತನ್ನ ಬುಡದಲ್ಲಿ ಸುಣ್ಣವನ್ನು ಶೇಖರಿಸುತ್ತ, ತಲೆಮಾರಿನ ಮೇಲೆ ತಲೆಮಾರು ಕಳೆದು, ಅದು ಕಡಲಿನಲ್ಲಿ ಹವಳದ ದಿಬ್ಬಗಳನ್ನು ಎಬ್ಬಿಸುತ್ತದೆ.

ಇಂಥ ಪ್ರಾಣಿಯನ್ನು ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕುವವರಿದ್ದಾರೆ. ಅಮೆರಿಕ, ಜರ್ಮನಿ, ಜಪಾನುಗಳಲ್ಲಿ ಈ ಹವ್ಯಾಸ ಚೆನ್ನಾಗಿ ಬೇರೂರಿದೆ. 1961ರಲ್ಲಿ ಇಂಡೊನೇಷಿಯದ ಜಕಾರ್ತದಲ್ಲಿದ್ದ ಲೀ ಚಿನ್ ಎಂಗ್ ಎಂಬವರು ತಮ್ಮ ಕ್ರಮವನ್ನು ಒಂದು ಅಮೆರಿಕನ್ ಪತ್ರಿಕೆಯಲ್ಲಿ ವಿವರಿಸಿದರು. ಅವರು ದೊಡ್ಡ ಯಂತ್ರಗಳನ್ನು ನಂಬಲಿಲ್ಲ. ಕಡಲ ನೀರು, ಕಡಲ ಬಂಡೆಯ ತುಂಡುಗಳು, ಬೆಳಕು, ಗಾಳಿಯ ಗುಳ್ಳೆಗಳು: ಇಷ್ಟೇ ಅವರ ಬಂಡವಾಳ. ಬಂಡೆಯ ರಂಧ್ರಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳೇ ನೀರನ್ನು ಶುದ್ಧಮಾಡುತ್ತಿದ್ದುವು.

ಕಡಲಿನಿಂದ ದೂರವಿರುವವರು ಶುದ್ಧವಾದ ನೀರಿಗೆ ಲೀಟರಿಗೆ ಸುಮಾರು 35 ಗ್ರಾಮಿನಂತೆ ಕಡಲಿನ ಲವಣಗಳನ್ನು ಬೆರೆಸಿಕೊಳ್ಳುತ್ತಾರೆ. ಶಾಖವನ್ನು 25 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲಿಸುತ್ತಾರೆ. ಬಳಿಕ ಮಾಡಬೇಕಾದ ಕೆಲಸವೆಂದರೆ ಸುಮ್ಮನೆ ಕಾಯುವುದು! ಕೊಳೆಯುವ ವಸ್ತುಗಳಿಂದ ಹುಟ್ಟುವ ಅಮೋನಿಯವನ್ನು ನೈಟ್ರೈಟಾಗಿಯೂ ಅದನ್ನು ನೈಟ್ರೇಟಾಗಿಯೂ ಮಾರ್ಪಡಿಸುವ ಸೂಕ್ಷ್ಮಜೀವಿಗಳು ನೆಲೆಗೊಳ್ಳಲು ಕೆಲವು ವಾರಗಳೇ ಬೇಕು. ಈ ಅವಧಿಯನ್ನು ಸಹಿಸದೆ ಹವಳವನ್ನು ತಂದಿಟ್ಟವನು ಅದನ್ನು ವಿಷದಲ್ಲಿ ಮುಳುಗಿಸಿದಂತೆಯೇ ಸರಿ.

ಆಮೇಲೆ ಒಕ್ಕಲು ತುಂಬುವ ಕ್ರಮ. ಮೊದಲು ಅಣಬೆಯಂಥ ಹವಳ, ತೊಗಲಿನಂಥ ಹವಳ ಮೊದಲಾದ ಮೆತ್ತನೆಯ ಜಾತಿಗಳು. ಇವು ಸಣ್ಣಪುಟ್ಟ ಏರುಪೇರನ್ನು ಸಹಿಸಿಕೊಳ್ಳುತ್ತವೆ. ತರುವಾಯ ದೊಡ್ಡ ಪಾಲಿಪ್ಪುಗಳ ಗಟ್ಟಿ ಹವಳಗಳು. ಕಟ್ಟಕಡೆಗೆ ಅಕ್ರೊಪೋರದಂಥ ಕವಲುಹವಳಗಳು. ಇವಕ್ಕೆ ಪ್ರಖರವಾದ ಬೆಳಕೂ ಲೀಟರಿಗೆ 400ರಿಂದ 450 ಮಿಲಿಗ್ರಾಮು ಕ್ಯಾಲ್ಸಿಯಮ್ಮೂ ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ದಿನದಿಂದ ದಿನಕ್ಕೆ ಬದಲಾಗದ ನೀರು ಬೇಕು. ಬೆಳಕು ಏತಕ್ಕೆಂದರೆ, ಹವಳದ ಮಾಂಸದೊಳಗೆ ಕಣ್ಣಿಗೆ ಕಾಣದ ಪಾಚಿಯೊಂದು ಬಿಡಾರ ಮಾಡಿಕೊಂಡಿದೆ. ಅದು ಬೆಳಕಿನಿಂದ ಅಡುಗೆ ಮಾಡಿ ಮನೆಯೊಡೆಯನಿಗೆ ಬಹುಪಾಲು ಊಟವನ್ನು ಬಡಿಸುತ್ತದೆ. ಬಾಡಿಗೆಯವನು ಯಜಮಾನನನ್ನು ಸಾಕುವ ಇಂಥ ಮನೆ ನಮ್ಮ ಬಡಾವಣೆಗಳಲ್ಲಿ ಎಲ್ಲಿಯಾದರೂ ಉಂಟೆ?

ಇನ್ನು ನೆರೆಹೊರೆಯ ವಿಚಾರ. ಹಗಲೆಲ್ಲ ಸಾಧುವಾಗಿರುವ ಗೆಲಾಕ್ಸಿಯ ಎಂಬ ಹವಳವು ಕತ್ತಲಾದೊಡನೆ ಗೇಣುದ್ದದ ಎಳೆಗಳನ್ನು ಚಾಚಿ ಪಕ್ಕದವನನ್ನು ಕುಟುಕಿ ಸುಟ್ಟುಬಿಡಬಲ್ಲದು. ತೊಗಲುಹವಳ ಕೈಮಾಡುವುದಿಲ್ಲ, ಗಟ್ಟಿ ಹವಳಗಳ ಏಳಿಗೆಯನ್ನು ತಡೆಯುವ ರಸವನ್ನು ಸದ್ದಿಲ್ಲದೆ ನೀರಿಗೆ ಬಿಡುತ್ತದೆ. ಬಲ್ಲವರು ಅದಕ್ಕೆ ಇದ್ದಿಲಿನ ಸೋಸುಚೀಲವನ್ನು ಕಟ್ಟುತ್ತಾರೆ. ವಠಾರದಲ್ಲಿ ಬಾಳಿದ ನಮಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಚಂದಕ್ಕೆಂದು ಒತ್ತೊತ್ತಾಗಿ ಜೋಡಿಸಿದ ತೊಟ್ಟಿ ರಣರಂಗವಾಗುತ್ತದೆ. ನಡುವೆ ಬರಿಯ ಬಂಡೆಯನ್ನು ಬಿಟ್ಟ ತೊಟ್ಟಿ ಬಾಳುತ್ತದೆ.

ಇದನ್ನೋದಿ ತಾವೂ ಒಂದು ತೊಟ್ಟಿಯನ್ನು ಹೂಡಬೇಕೆಂದು ಹೊರಡುವ ತರುಣರಿಗೆ ಒಂದು ಮಾತು. ನಮ್ಮ ದೇಶದಲ್ಲಿ ದಿಬ್ಬ ಕಟ್ಟುವ ಗಟ್ಟಿ ಹವಳಗಳನ್ನು 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಗಿದೆ. ಹುಲಿಗಿರುವ ರಕ್ಷಣೆಯೇ ಅವಕ್ಕೂ ಉಂಟು. ಕೀಳುವುದೂ ಅಪರಾಧ, ಮಾರುವುದೂ ಅಪರಾಧ. ಹಿಂದೆ ಯಾತ್ರಿಕರು ರಾಮೇಶ್ವರದ ಕಡೆಯಿಂದ ಶಂಖದ ಜೊತೆಗೆ ತಂದು ಗಾಜಿನ ಬೀರುವಿನಲ್ಲಿ ಇಡುತ್ತಿದ್ದ ಬಿಳಿಯ ಕೊಂಬೆ ಆಭರಣವಲ್ಲ, ಅಸ್ಥಿ. ಹೊರದೇಶಗಳಲ್ಲಿ ಕೂಡ ವಿವೇಕಿಗಳು ಕಡಲಿನಿಂದ ಕಿತ್ತ ಹವಳವನ್ನು ಬಯಸುವುದಿಲ್ಲ. ದಾಸವಾಳದ ಕಡ್ಡಿಯನ್ನು ನೆರೆಮನೆಯಿಂದ ತಂದು ನೆಡುವಂತೆ, ಇನ್ನೊಬ್ಬರ ತೊಟ್ಟಿಯಲ್ಲಿ ಬೆಳೆದ ಹವಳದ ಚೂರನ್ನು ತಂದು ಬಂಡೆಗೆ ಅಂಟಿಸುತ್ತಾರೆ. ಅದು ಬೆಳೆದಾಗ ಮತ್ತೊಬ್ಬರಿಗೆ ಒಂದು ಚೂರು ಕೊಡುತ್ತಾರೆ.

ಈ ಎಚ್ಚರಿಕೆಗೆ ಕಾರಣವಿದೆ. ಬೇಸಗೆಯ ವಾಡಿಕೆಯ ಶಾಖಕ್ಕಿಂತ ಕಡಲು ಒಂದೆರಡು ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೆಯೇ ನಿಂತರೆ ಸಾಕು, ಹವಳವು ತನ್ನೊಳಗಿನ ಪಾಚಿಯನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ. ಕಡೆಗೆ ಹಸಿದು ಸಾಯುತ್ತದೆ. 1998ರಲ್ಲಿ ಲೋಕದ ಸಮುದ್ರಗಳಲ್ಲೆಲ್ಲ ಹೀಗಾಯಿತು; ಲಕ್ಷದ್ವೀಪವೂ ಅದರ ಪೆಟ್ಟು ತಿಂದಿತು. ಅಂಥ ನಾಲ್ಕನೆಯ ಜಾಗತಿಕ ವಿಪತ್ತನ್ನು ವಿಜ್ಞಾನಿಗಳು 2024ರ ಏಪ್ರಿಲಿನಲ್ಲಿ ಘೋಷಿಸಿದರು. ತೊಟ್ಟಿಯ ನೀರು ಬಿಸಿಯಾದರೆ ಒಡೆಯನು ಗುಂಡಿಯೊತ್ತಿ ತಣಿಸಬಲ್ಲನು. ಕಡಲಿಗೆ ಅಂಥ ಗುಂಡಿಯಿಲ್ಲ.

ನಮ್ಮ ಉತ್ತರ ಕನ್ನಡದ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ ಮುಳುಗಿದವರು ಅಲ್ಲಿನ ಹವಳಗಳನ್ನು ಕಂಡು ಬರುತ್ತಾರೆ. ಮಕ್ಕಳಿಗೆ ಹವಳವನ್ನು ತೋರಿಸಬೇಕೆಂಬ ಆಸೆಯುಳ್ಳ ತಂದೆತಾಯಿಗಳು ತೊಟ್ಟಿಯ ಹಣವನ್ನು ಕೂಡಿಟ್ಟು, ಅವರು ಈಜು ಕಲಿತು ದೊಡ್ಡವರಾದ ಮೇಲೆ ಅಲ್ಲಿಗೆ ಕರೆದೊಯ್ಯಲಿ. ಬರುವಾಗ ಕೈ ಬರಿದಾಗಿರಲಿ.